ಕಾಲು ತೊಳೆಸಿಕೊಂಡ ಮೇಲೆ

ಮೊನ್ನೆ ಬಿಕ್ಕೋಡಿನ ಟ್ರಿಪ್ಪಿನಲ್ಲಿ ಒಬ್ಬ ಹುಡುಗಿ ತನ್ನ ಸ್ಟಾಪಿನಲ್ಲಿ ಇಳಿಯಲಿಲ್ಲ.

ನಾನು ಸರ್ಕಾರಿ ಬಸ್ಸಿನ ಕಂಡಕ್ಟರ್, ಹೆಸರು ಲೂರ್ದಮ್ಮ, ಮನೆ ಅರಸೀಕೆರೆಯಲ್ಲಿ. ಬೆಳಿಗ್ಗೆ ಅಲ್ಲಿಂದ ಹೊರಟರೆ ಜಾವಗಲ್, ಹಳೇಬೀಡು, ಬೇಲೂರು. ಸಂಜೆ ಬೇಲೂರಿನಿಂದ ಬಿಕ್ಕೋಡಿಗೆ ಹೋಗಿ ಬರುವ ಒಂದು ಟ್ರಿಪ್ಪು. ಬಿಕ್ಕೋಡಿನ ಈ ಟ್ರಿಪ್ಪು ನನಗೆ ಬಿದ್ದಿರುವುದು ಈ ತಿಂಗಳಷ್ಟೇ. ಬೇಲೂರಿನ ಕಾಲೇಜು ಬಿಟ್ಟ ಮೇಲೆ ಹೆಣ್ಣುಮಕ್ಕಳ ಒಂದು ಹಿಂಡು ಹತ್ತುತ್ತದೆ, ಬಿಕ್ಕೋಡಿಗೆ ಸ್ವಲ್ಪ ಮುಂಚೆ ಕಾನ್ವೆಂಟಿನ ಹಾಸ್ಟೆಲ್ ಗೇಟಿನ ಹತ್ತಿರ ಇಳಿಯುತ್ತದೆ. ಎಲ್ಲ ಎಸ್ಟೇಟ್ ಕೂಲಿಯವರ ಮಕ್ಕಳು. ಮೊನ್ನೆ ಎಲ್ಲರೂ ಇಳಿದರು, ಕಿಟಕಿ ಪಕ್ಕದವಳೊಬ್ಬಳು ಮಾತ್ರ ಬ್ಯಾಗು ತಬ್ಬಿಕೊಂಡು ಕೂತೇ ಇದ್ದಳು.

"ಏನಮ್ಮ, ನಿದ್ದೆ ಬಂತಾ? ಇಳೀಬೇಕಲ್ವಾ ನೀನು?"

"ಇಲ್ಲ ಆಂಟಿ. ಬಿಕ್ಕೋಡಿಗೆ ಹೋಗಿ, ಬಸ್ಸು ವಾಪಸ್ ಬರುವಾಗ ಇಳ್ಕತೀನಿ. ಹೆಂಗೂ ಫ್ರೀ ಅಲ್ವಾ."

ಹೂಮಳೆ ಬಿದ್ದು ವಾರವಾಗಿತ್ತು. ರಸ್ತೆಯ ಎರಡೂ ಕಡೆ ಕಾಫಿ ಗಿಡ ಬೆಳ್ಳಗೆ ಅರಳಿ, ಬಸ್ಸಿನ ತುಂಬ ಅದರದೇ ವಾಸನೆ. ಬೇರೆಯವರಿಗೆ ಅದು ಪರಿಮಳ. ನನಗೆ ಅದು ಈಸ್ಟರಿಗೆ ಮುಂಚಿನ ಉಪವಾಸದ ದಿನಗಳ, ತಪಸ್ಸು ಕಾಲದ ವಾಸನೆ, ನಮ್ಮ ಸೆಲಿನಾ ಬಸ್ಸಿನಿಂದ ಇಳಿಯದೆ ಕೂತ ಕಾಲದ ವಾಸನೆ.

ಸೆಲಿನಾ ನನ್ನ ತಮ್ಮ ಇನ್ನಾಸಪ್ಪನ ಮಗಳು. ನಮ್ಮೂರು ಜಾವಗಲ್ಲಿಗೂ ಹಳೇಬೀಡಿಗೂ ನಡುವೆ, ಟಾರು ರಸ್ತೆಯಿಂದ ಸ್ವಲ್ಪ ಒಳಗೆ. ಊರಿನ ಹೆಸರು ಬರೆಯುವುದಿಲ್ಲ, ಅಲ್ಲಿ ಮದುವೆಯಾಗಬೇಕಾದ ಹುಡುಗಿಯರು ಇನ್ನೂ ಇದ್ದಾರೆ; ಈಗ ಆ ಹೆಸರು ಕೇಳಿದರೆ ಗಂಡಿನ ಕಡೆಯವರು ಕಾಫಿ ಲೋಟ ಕೆಳಗಿಟ್ಟು ಎದ್ದುಬಿಡುತ್ತಾರೆ. ಕ್ರೈಸ್ತರ ಒಂದೆರಡು ಬೀದಿ, ಹೆಂಚಿನ ಚರ್ಚು, ಅದರ ಹಿಂದೆ ಸ್ವಾಮಿಗಳ ಬಂಗಲೆ, ಸುತ್ತ ರಾಗಿ ಹೊಲ, ತೆಂಗು. ನಮ್ಮಲ್ಲಿ ಪಾದ್ರಿಯನ್ನು ಹಳಬರು ಸ್ವಾಮಿ ಅನ್ನುತ್ತಾರೆ, ಹುಡುಗರು ಫಾದರ್ ಅನ್ನುತ್ತಾರೆ. ಯಾವುದಂದರೂ ಎದ್ದು ನಿಂತೇ ಅನ್ನುತ್ತಾರೆ.

ಈಸ್ಟರಿಗೆ ಮುಂಚಿನ ಗುರುವಾರ ಸ್ವಾಮಿಗಳು ಊರಿನ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದದ್ದರ ನೆನಪಿಗೆ ಎಲ್ಲ ಚರ್ಚಿನಲ್ಲೂ ಇದು ಉಂಟು. ಆದರೆ ನಮ್ಮೂರಿನವರು ಇದರಲ್ಲಿ ತಮ್ಮದೂ ಒಂದು ಸೇರಿಸಿಕೊಂಡಿದ್ದರು. ವರ್ಷದಲ್ಲಿ ಯಾವ ಯಾವ ಮನೆಗೆ ಜಗಳವಾಗಿದೆಯೋ, ಬದುವಿನದೋ ಬೋರ್‌ವೆಲ್ಲಿನದೋ ಹೆಣ್ಣು ಕೊಟ್ಟು ತಂದದ್ದೋ, ಆ ಮನೆಯ ಯಜಮಾನರನ್ನು ಹುಡುಕಿ ಆ ಬೆಂಚಿನ ಮೇಲೆ ಕೂರಿಸುವುದು. ಕಾಲು ತೊಳೆಸಿಕೊಂಡ ಮೇಲೆ ಜಗಳ ಮುಗಿಯಿತು. ಆಮೇಲೆ ಅದನ್ನು ಎತ್ತಿದವನಿಗೆ ಊರಿನಲ್ಲಿ ಬೆಲೆಯಿಲ್ಲ. ನಮ್ಮಪ್ಪನೂ ದೊಡ್ಡಪ್ಪನೂ ಹಾಗೇ ರಾಜಿಯಾದವರು. ಸುಳ್ಳೇಕೆ ಹೇಳಲಿ, ಕೋರ್ಟು ಕಚೇರಿಗಿಂತ ಇದು ಚೆನ್ನಾಗಿಯೇ ನಡೆಯುತ್ತಿತ್ತು.

ಇನ್ನೊಂದು ತಮಾಷೆ. ಸ್ವಾಮಿಗಳು ತೊಳೆಯುವ ಕಾಲನ್ನು ನಮ್ಮವರು ಮನೆಯಲ್ಲೇ ಉಜ್ಜಿ ಉಜ್ಜಿ ತೊಳೆದುಕೊಂಡು ಹೋಗುತ್ತಾರೆ. ಉಗುರು ಕತ್ತರಿಸಿ, ಹಿಮ್ಮಡಿಯ ಬಿರುಕನ್ನು ಇಟ್ಟಿಗೆ ಚೂರಿನಲ್ಲಿ ತಿಕ್ಕಿ, ಕೆಂಪು ಸೋಪು ಹಾಕಿ. ಅಪ್ಪ ಹಾಗೆ ತಿಕ್ಕಿಕೊಳ್ಳುವಾಗ ಅವ್ವ ನಗಾಡಿದ್ದಳು: "ಸ್ವಾಮೇರು ತೊಳೀತಾರಲ್ಲ, ನೀವ್ಯಾಕೆ ಚರ್ಮ ಕಿತ್ತು ಹಾಕ್ಕತೀರಿ?" ಅದಕ್ಕೆ ಅಪ್ಪ, "ಥೂ, ಸ್ವಾಮೇರ ಕೈಗೆ ನನ್ ಕೊಳೆ ಮೆತ್ತುಸ್ಲಾ?" ಅಂದಿದ್ದ. ಆಗ ಎಲ್ಲರೂ ನಕ್ಕಿದ್ದೆವು.

ಆ ವರ್ಷ ನಮ್ಮೂರಿಗೆ ಫಾದರ್ ನೆಲ್ಸನ್ ಬಂದು ಎರಡನೇ ಬೇಸಿಗೆ. ವಯಸ್ಸು ಚಿಕ್ಕದು, ಕಂಠ ಬಂಗಾರ. ಯಾರ ಮನೆಗೆ ಹೋದರೂ ನೆಲದ ಮೇಲೆ ಕೂತು ಮುದ್ದೆ ಮುರಿಯುತ್ತಿದ್ದ. ಚರ್ಚಿಗೆ ಕೀಬೋರ್ಡ್ ತರಿಸಿದ, ಹಾಡಿನ ಗುಂಪು ಕಟ್ಟಿದ. ಮುದುಕಿಯರು "ಸ್ವಾಮೇರು ಹಾಡುದ್ರೆ ದೇವ್ರೇ ಕೆಳೀಕಿಳಿದಂಗಾಯ್ತದೆ" ಅನ್ನೋರು. ನನಗೂ ಅವನ ಹಾಡು ಇಷ್ಟವಿತ್ತು, ಅದನ್ನು ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ಸೆಲಿನಾ ಆಗ ಅರಸೀಕೆರೆಯಲ್ಲಿ ಕೊನೆಯ ವರ್ಷದ ಬಿ.ಕಾಂ. ಇಪ್ಪತ್ತು ತುಂಬಿದ ಹುಡುಗಿ. ಸಂಜೆ ನನ್ನ ಬಸ್ಸಿನಲ್ಲೇ ಊರಿಗೆ ಬರುತ್ತಿದ್ದಳು. ಕಂಡಕ್ಟರ್ ಸೀಟಿನ ಹಿಂದೆ ಕೂತು ತೊಡೆಯ ಮೇಲಿನ ಪುಸ್ತಕವನ್ನೇ ಕೀಬೋರ್ಡ್ ಮಾಡಿಕೊಂಡು ಬೆರಳು ಆಡಿಸುತ್ತ ಗುನುಗುವಳು. ಆಗಲೂ ಈಗಲೂ ನನ್ನ ಬಸ್ಸಿನ ಡ್ರೈವರಾದ ಸಿದ್ದರಾಜು ಕನ್ನಡಿಯಲ್ಲಿ ನೋಡಿ, "ಏನ್ ಮೇಡಂ, ನಮ್ ಬಸ್ಸಿಗೆ ಸೌಂಡ್ ಸಿಸ್ಟಂ ಬಂದೈತೆ" ಅಂತ ರೇಗಿಸುತ್ತಿದ್ದ. ತಪಸ್ಸು ಕಾಲ ಶುರುವಾಗಿ ಕೆಲವು ದಿನಕ್ಕೆ ಆ ಗುನುಗು ನಿಂತಿತು. ಪರೀಕ್ಷೆಯ ಚಿಂತೆ ಅಂದುಕೊಂಡೆ. ಹುಣಸೆ ಬಡಿಯುವ ಕಾಲ, ಬಸ್ಸಿನ ಮೇಲೆಲ್ಲ ಹುಣಸೆ ಮೂಟೆ, ಒಳಗೆ ಕೆಂಡದಂಥ ಬಿಸಿಲು. ಯಾರ ಮುಖ ಯಾರು ನೋಡುತ್ತಾರೆ?

ಒಂದು ಸಂಜೆ ನಮ್ಮೂರ ಸ್ಟಾಪು ಬಂದರೂ ಅವಳು ಏಳಲಿಲ್ಲ.

"ಇಳಿಯೇ, ಊರು ಬಂತು."

"ಇಲ್ಲ ಅತ್ತೆ. ಬೇಲೂರಿಗೆ ಹೋಗಿ, ಇದೇ ಬಸ್ಸಲ್ಲಿ ವಾಪಸ್ ಬರ್ತೀನಿ."

ಆಗ ಹೆಣ್ಣುಮಕ್ಕಳಿಗೆ ಬಸ್ಸು ಫ್ರೀ ಇರಲಿಲ್ಲ. "ನಿನ್ ಪಾಸು ಇಲ್ಲಿಗೇ ಮುಗೀತು, ಮುಂದಕ್ಕೆ ಟಿಕೆಟ್ ಆಯ್ತದೆ" ಅಂದೆ. ಚಿಲ್ಲರೆ ತೆಗೆದು ಕೊಟ್ಟಳು. ಮರುದಿನವೂ ಹಾಗೇ. ಅದರ ಮರುದಿನ ಬೇಲೂರು ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಅವಳ ಮುಂದೆ ಕಾಫಿ ಇಟ್ಟು, "ಯಾವನೇ ಅವನು? ಬೇಲೂರಿನೋನಾ?" ಅಂತ ಕೇಳಿದೆ. ಪ್ರೀತಿ ಗೀತಿ ಇರಬೇಕು ಅಂತಲೇ ನನ್ನ ಲೆಕ್ಕ.

"ಹುಡುಗ ಅಲ್ಲ ಅತ್ತೆ. ಫಾದರ್."

ನನಗೆ ಅರ್ಥವಾಗಲೇ ಇಲ್ಲ. ಅವಳು ಲೋಟದ ಅಂಚನ್ನೇ ನೋಡುತ್ತ ಹೇಳಿದಳು. "ಪ್ರಾಕ್ಟೀಸ್ ಮುಗಿದ ಮೇಲೆ ಎಲ್ರನ್ನೂ ಕಳಿಸ್ತಾರೆ. ಕೀಬೋರ್ಡಿಗೆ ಕವರ್ ಹಾಕೋಕೆ ನೀನಿರು ಅಂತಾರೆ. ಆಮೇಲೆ ಬಾಗಿಲು ಹಾಕ್ತಾರೆ. ನಾನು ಹೋಗಲ್ಲ ಅಂದ್ರೆ ಅಮ್ಮ ಬಯ್ದು ಕಳಿಸ್ತಾಳೆ. ಅದಕ್ಕೇ ಪ್ರಾಕ್ಟೀಸ್ ಮುಗಿಯೋವರೆಗೆ ಬಸ್ಸಲ್ಲಿ ಕೂತಿರ್ತೀನಿ."

ಅವಳು ಮುಂದೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಅವಳು ಆಮೇಲೆ ನ್ಯಾಯಾಧೀಶರ ಮುಂದೆ ಹೇಳಿದ್ದಾಳೆ, ಸಾಕು. ಒಂದು ಮಾತು ಮಾತ್ರ ಬರೆಯುತ್ತೇನೆ. ಅವಳ ತೋಳು ಹಿಡಿದುಕೊಂಡೇ ಅವನು, "ಇದು ಪಾಪನಿವೇದನೆ ಇದ್ದ ಹಾಗೆ, ನಮ್ಮಿಬ್ಬರ ಮಧ್ಯೆ ಇರಬೇಕು" ಅಂದಿದ್ದನಂತೆ. ಪಾಪನಿವೇದನೆಯಲ್ಲಿ ಸ್ವಾಮಿಗಳ ಕಿವಿಯಲ್ಲಿ ಹೇಳಿಕೊಂಡ ಪಾಪ ಹೊರಗೆ ಬರುವ ಹಾಗಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದು ಅಂದರೆ ಇದೇ. ಮೇಯ್ದದ್ದಲ್ಲದೆ ಹೊಲಕ್ಕೇ ಆಣೆ ಹಾಕಿತ್ತು.

ವಾಪಸ್ ಟ್ರಿಪ್ಪಿನಲ್ಲಿ ನನ್ನ ಮುಖ ನೋಡಿ ಸಿದ್ದರಾಜು ಏನಾಯಿತು ಅಂತ ಕೇಳಿದ. ಸೆಲಿನಾಳನ್ನು ಕೇಳಿಕೊಂಡೇ ಅವನಿಗೆ ಹೇಳಿದೆ. ಸಿದ್ದರಾಜುವಿನ ಅಪ್ಪನ ಕಾಲದಲ್ಲೇ ಅವರ ಮನೆಯವರು ಬೌದ್ಧರಾದವರು. ಹೆಂಡತಿ ಅರಸೀಕೆರೆಯಲ್ಲಿ ವಕೀಲೆ. ಅವನು ಗೇರು ಬದಲಿಸಿ, "ಮೇಡಂ, ಗುಡಿ ಒಳೀಕೆ ಬಿಡ್ನಿಲ್ಲ ಅಂತ ನಮ್ಮಪ್ಪ ಬೇರೆ ದಾರಿ ಹಿಡ್ದ. ನಿಮ್ಮೋರು ಒಳೀಕೆ ಕರ್ಕಂಡೇ ಹಿಂಗ್ ಮಾಡವ್ರೆ" ಅಂದ. ಆಮೇಲೆ, "ನಡೀರಿ, ಠಾಣೆಗೆ ಹೋಗಾನ. ನಮ್ಮನೆಯೋಳು ಬತ್ತಾಳೆ" ಅಂದ. ಸೆಲಿನಾ ಬೇಡ ಅಂದಳು. "ಮೊದ್ಲು ಅಪ್ಪನಿಗೆ ಹೇಳ್ಬೇಕು. ಅಪ್ಪ ನಂಬದೆ ನಾನು ಎಲ್ಲಿಗೂ ಹೋಗಲ್ಲ."

ಇನ್ನಾಸ ನಂಬಿದ. ಅದು ದೊಡ್ಡದು. ಮಗಳ ತಲೆ ಮೇಲೆ ಕೈಯಿಟ್ಟು ಅತ್ತ. ಆದರೆ ನಂಬಿದವನು ಹೋದದ್ದೆಲ್ಲಿಗೆ? ಠಾಣೆಗಲ್ಲ, ಚೌರಪ್ಪ ಮೇಷ್ಟ್ರ ಮನೆಗೆ. ಮೇಷ್ಟ್ರು ಚರ್ಚು ಕಮಿಟಿಯ ಹಿರಿಯರು, ನಮ್ಮಿಬ್ಬರಿಗೂ ಅಕ್ಷರ ಕಲಿಸಿದವರು. ಕೇಳಿಸಿಕೊಂಡು ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡರು. "ಇನ್ನಾಸ, ಮುಳ್ಳಿನ ಮೇಲೆ ಸೀರೆ ಬಿದ್ರೂ, ಸೀರೆ ಮೇಲೆ ಮುಳ್ಳು ಬಿದ್ರೂ ಹರಿಯೋದು ಸೀರೆನೇ ಕಣಪ್ಪ. ದೊಡ್ಡೋರಿಗೆ ಹೇಳಾನ, ಅವ್ರು ನೋಡ್ಕತಾರೆ" ಅಂದರು.

"ಮುಳ್ಳು ಕೀಳೋದು ಬುಟ್ಟು ಸೀರೆಗೆ ಬುದ್ಧಿ ಹೇಳ್ತೀರಲ್ಲ ಮೇಷ್ಟ್ರೇ?" ಅಂದೆ. ನನ್ನನ್ನು ಎಂಟನೇ ಕ್ಲಾಸಿನ ಹುಡುಗಿಯನ್ನು ನೋಡುವ ಹಾಗೆ ನೋಡಿದರು.

ದೊಡ್ಡವರು ಅಂದರೆ ಮೇಲಿನಿಂದ ಬಂದ ಹಿರಿಯ ಸ್ವಾಮಿಗಳೊಬ್ಬರು. ಬಿಳಿ ಕಾರಿನಲ್ಲಿ ಬಂದರು, ಇನ್ನಾಸನ ಮನೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತರು. ನನ್ನ ತಮ್ಮನ ಹೆಂಡತಿ ತೆರೇಸಮ್ಮ ಮದುವೆಯಲ್ಲಿ ಬಂದ ಕಪ್ಪು ಬಸಿಗಳನ್ನು ಹೊರತೆಗೆದು ಟೀ ಕೊಟ್ಟಳು. ಸ್ವಾಮಿಗಳು ಮೆತ್ತಗೆ ಮಾತಾಡುವವರು. ದುಃಖವಾಯಿತು ಅಂದರು, ನಾವೇ ಒಳಗೊಳಗೇ ವಿಚಾರಣೆ ಮಾಡುತ್ತೇವೆ ಅಂದರು, ಈಸ್ಟರ್ ಕಳೆದ ಮೇಲೆ ಅವರಿಗೆ ವರ್ಗ ಆಗುತ್ತದೆ ಅಂದರು. "ಹೊರಗೆ ಹೋಗೋದು ಬೇಡ. ನಿಮ್ಮ ಮಗಳ ಜೀವನ ಇದೆ. ಧರ್ಮಸಭೆಯ ಮರ್ಯಾದೆಯೂ ಇದೆ. ನಮ್ಮನ್ನು ಕಂಡರೆ ಆಗದವರು ಹೊರಗೆ ಕಾಯ್ತಾ ಇದ್ದಾರೆ."

ಬಾಗಿಲ ಹಿಂದೆ ನಿಂತಿದ್ದ ಸೆಲಿನಾ ಈಚೆ ಬಂದಳು. ಅವಳು ಕೇಳಿದ್ದು ಒಂದೇ. "ಅವರನ್ನ ಎಲ್ಲಿಗೆ ಕಳಿಸ್ತೀರೋ, ಅಲ್ಲಿನ ಜನಕ್ಕೆ ಹೇಳಿ ಕಳಿಸ್ತೀರಾ ಫಾದರ್?"

"ಅದನ್ನೆಲ್ಲ ನಮಗೆ ಬಿಡಮ್ಮ."

"ಇಲ್ಲಿನ ಜನಕ್ಕಾದ್ರೂ ಹೇಳ್ತೀರಾ? ಪೂಜೆ ಮುಗಿದ ಮೇಲೆ ಎಲ್ಲಾನೂ ಓದ್ತೀರಲ್ಲ, ಅದರಲ್ಲಿ ಇದನ್ನೂ ಓದಿ."

ಸ್ವಾಮಿಗಳು ಟೀ ಕುಡಿದರು. ಹುಡುಗಿ ಕೇಳಿದ್ದರಲ್ಲಿ ತಪ್ಪೇನಿತ್ತು? ನಮ್ಮ ಚರ್ಚಿನಲ್ಲಿ ಪೀಠದಿಂದ ಓದದ್ದು ಏನಿದೆ? ಯಾರಿಗಾದರೂ ಮದುವೆ ಗೊತ್ತಾದರೆ ಮೂರು ಭಾನುವಾರ ಹೆಸರು ಹಿಡಿದು ಓದುತ್ತಾರೆ. ಇವರಲ್ಲಿ ಏನಾದರೂ ದೋಷ ಗೊತ್ತಿದ್ದವರು ಬಂದು ತಿಳಿಸಲೇಬೇಕು, ಮುಚ್ಚಿಟ್ಟರೆ ಪಾಪ ಅನ್ನುತ್ತಾರೆ. ಹೊಲದ ಕೂಲಿಯವನ ಮಗ ಮದುವೆಯಾಗಬೇಕಾದರೆ ಊರಿಗೆ ಊರೇ ಸಾಕ್ಷಿ. ಪೀಠದ ಮೇಲೆ ನಿಂತವನ ದೋಷ ಮಾತ್ರ ಊರಿಗೆ ಬೇಡವಂತೆ.

ಸ್ವಾಮಿಗಳು ಹೊರಟಾಗ, ಅವನನ್ನು ಎಲ್ಲಿಗೆ ಹಾಕುತ್ತಾರೆ ಅಂತ ಜೊತೆಗೆ ಬಂದಿದ್ದ ಮೇಷ್ಟ್ರನ್ನು ಕೇಳಿದೆ. ಮೇಷ್ಟ್ರಿಗೆ ಗುಟ್ಟು ನಿಲ್ಲುವುದಿಲ್ಲ. "ಬಿಕ್ಕೋಡಿನ್ ತಾವ, ಎಸ್ಟೇಟಿನೋರ ಹೆಣ್ಮಕ್ಳ ಹಾಸ್ಟೆಲ್ ಐತಲ್ಲ, ಅಲ್ಲಿಗಂತೆ. ಸುಮ್ಕಿರು, ಯಾರ್ಗೂ ಹೇಳ್ಬ್ಯಾಡ."

ಆ ರಾತ್ರಿಯ ಊಟ ಯಾರಿಗೂ ಸೇರಲಿಲ್ಲ. ಸೆಲಿನಾ ಅಪ್ಪನ ಮುಂದೆ ಕೂತು, "ನನಗೆ ಆದದ್ದು ಆಯ್ತು ಅಪ್ಪ. ಅಲ್ಲಿರೋರು ನನಗಿಂತ ಚಿಕ್ಕೋರು. ಈಸ್ಟರ್ ಒಳಗೆ ಇದನ್ನ ಬಾಯಿಬಿಟ್ಟು ಹೇಳ್ಲೇಬೇಕು. ನೀವು ನನ್ ಜೊತೆ ಬಂದು ನಿಲ್ಲಿ, ಅಷ್ಟೇ ಸಾಕು" ಅಂದಳು. ಇನ್ನಾಸ ಎದ್ದು ಹೋಗಿ ಚಾಪೆ ಬಿಡಿಸಿದ. ಅವನು ಹುಟ್ಟಿದಾಗಿನಿಂದ ಆ ಚರ್ಚಿನ ಗಂಟೆಗೆ ಎದ್ದವನು, ಅದರ ಗಂಟೆಗೆ ಮಲಗಿದವನು.

ಗರಿಗಳ ಭಾನುವಾರ ಬಂತು, ಈಸ್ಟರಿಗೆ ಒಂದು ವಾರ. ತೆಂಗಿನ ಎಳೆಗರಿ ಹಿಡಿದು ಮೆರವಣಿಗೆ ಮುಗಿಸಿ ಎಲ್ಲರೂ ಒಳಗೆ ಕೂತೆವು. ಕೊನೆಯಲ್ಲಿ ಮೇಷ್ಟ್ರು ಎದ್ದು, ಗುರುವಾರ ಕಾಲು ತೊಳೆಸಿಕೊಳ್ಳುವವರ ಹೆಸರು ಓದಿದರು. ಅದರಲ್ಲಿ ನನ್ನ ತಮ್ಮನ ಹೆಸರು ಬಂತು.

ಆಗ ನನಗೆ ಗೊತ್ತಾಯಿತು. ನಮ್ಮೂರಿನ ಔಷಧವನ್ನು ಚರ್ಚು ಕಮಿಟಿಯವರು ತೆಗೆದಿದ್ದರು. ಅವರ ಲೆಕ್ಕದಲ್ಲಿ ಇದು ಫಾದರ್ ನೆಲ್ಸನಿಗೂ ಇನ್ನಾಸಪ್ಪನಿಗೂ ಆದ ಜಗಳ. ಬದುವಿನ ಜಗಳದ ಹಾಗೆ, ಬೋರ್‌ವೆಲ್ಲಿನ ಜಗಳದ ಹಾಗೆ. ಅವನು ಮಂಡಿಯೂರಿ ಇವನ ಕಾಲು ತೊಳೆದರೆ ಮುಗಿಯಿತು, ಆಮೇಲೆ ಎತ್ತುವ ಹಾಗಿಲ್ಲ. ಕೆಟ್ಟ ಬುದ್ಧಿಯಿಂದ ಮಾಡಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ಒಳ್ಳೆಯದಾಗಲಿ ಅಂತಲೇ ಮಾಡಿದ್ದರು, ಆ ಮುಟ್ಠಾಳರು! ಹುಡುಗಿಯೊಬ್ಬಳು ಇದ್ದಾಳೆ, ಜಗಳ ಅವಳದು ಅಂತ ಒಬ್ಬರಿಗೂ ಹೊಳೆದಿರಲಿಲ್ಲ.

ಅದಕ್ಕಿಂತ ಸಂಕಟವೆಂದರೆ ಇನ್ನಾಸನ ಮುಖ. ಅವನನ್ನು ಆ ಬೆಂಚಿಗೆ ಯಾವತ್ತೂ ಕರೆದಿರಲಿಲ್ಲ. ಜಗಳ ಮಾಡದವನನ್ನು ಯಾರು ಕರೆಯುತ್ತಾರೆ? ಹೆಸರು ಓದಿದಾಗ ಅವನು ಅಪ್ಪನ ಹಾಗೆ ನೆಟ್ಟಗೆ ಕೂತ. ತೆರೇಸಮ್ಮನ ಕಣ್ಣಲ್ಲಿ ನೀರು ತುಂಬಿತ್ತು. ಹೊರಗೆ ಬಂದ ಮೇಲೆ ನನ್ನ ಕೈ ಹಿಡಿದು, "ಸಾಕು ಬುಡು ಲೂರ್ದಕ್ಕ. ಸ್ವಾಮೇರಾಗಿ ಅವ್ರೇ ಬಗ್ಗಿ ಕಾಲು ಮುಟ್ತಾರೆ. ಇನ್ನೇನ್ ಬೇಕು? ಹೊಟ್ಟೆಗೆ ಹಾಕ್ಕಳಾನ" ಅಂದಳು.

"ಯಾರ ಹೊಟ್ಟೆಗೆ ಹಾಕ್ಕತೀಯೆ? ನಿನ್ ಮಗಳದಾ, ಆ ಹಾಸ್ಟೆಲಿನ ಮಕ್ಕಳದಾ?" ಅಂತ ರಸ್ತೆಯಲ್ಲೇ ಕಿರುಚಿದೆ. ಗರಿ ಹಿಡಿದ ಹೆಂಗಸರು ನಮ್ಮನ್ನು ಬಳಸಿಕೊಂಡು ಹೋದರು. ಪವಿತ್ರ ವಾರದಲ್ಲಿ ಕೂಗಾಡಬಾರದು ಅಂತ ಒಬ್ಬಳು ನನಗೇ ಬುದ್ಧಿ ಹೇಳಿದಳು.

ಗುರುವಾರ ರಜೆ ಹಾಕಿ ಊರಿಗೆ ಹೋದೆ. ಮಧ್ಯಾಹ್ನ ಇನ್ನಾಸ ಹಿತ್ತಲ ಕಲ್ಲಿನ ಮೇಲೆ ಕೂತು ಕಾಲು ತಿಕ್ಕುತ್ತಿದ್ದ. ಕೆಂಪು ಸೋಪು, ಇಟ್ಟಿಗೆ ಚೂರು, ತೆಂಗಿನ ನಾರು, ಎಲ್ಲ ಅಪ್ಪನದೇ ಕ್ರಮ. ಸೆಲಿನಾ ಚೆಂಬಿನಲ್ಲಿ ನೀರು ಹುಯ್ಯುತ್ತಿದ್ದಳು. ನಾನು ಬಚ್ಚಲ ಗೋಡೆಗೆ ಒರಗಿ ನಿಂತೆ. ಇನ್ನು ಮಾತಿಲ್ಲ ಅಂದುಕೊಂಡಿದ್ದೆ. ವಾರವಿಡೀ ಆಡಿ ಆಡಿ ಸಾಕಾಗಿತ್ತು. ಅವನ ಹಿಮ್ಮಡಿ ಮಗುವಿನದರ ಹಾಗೆ ಕೆಂಪಗಾಗಿತ್ತು. ಆದರೂ ತಿಕ್ಕುತ್ತಲೇ ಇದ್ದ.

ಸೆಲಿನಾ ಕೊನೆಯ ಚೆಂಬು ಹುಯ್ದು ಕೇಳಿದಳು. "ಅಪ್ಪ, ಎಲ್ಲಾ ನೀವೇ ತೊಳ್ಕೊಂಡು ಹೋದ್ರೆ, ಅವರು ತೊಳೆಯೋದು ಏನು?"

ಅಷ್ಟೇ. ಅಜ್ಜಿ ನಗಾಡಿ ಕೇಳಿದ ಮಾತನ್ನೇ ಮೊಮ್ಮಗಳು ನಗದೆ ಕೇಳಿದಳು. ಇನ್ನಾಸ ಸೋಪು ಹಿಡಿದುಕೊಂಡು ಅವಳ ಮುಖ ನೋಡಿದ, ತನ್ನ ಕಾಲು ನೋಡಿಕೊಂಡ. ಎದ್ದು ಹೋಗಿ ಬಿಳಿ ಪಂಚೆ ಉಟ್ಟ. ಹೋಗುತ್ತಾನೆ ಅಂತ ನನಗೆ ಖಾತ್ರಿಯಾಯಿತು. ಸೆಲಿನಾಳ ಕೈಯಿಂದ ಚೆಂಬು ತೆಗೆದುಕೊಂಡೆ.

ಚರ್ಚು ತುಂಬಿತ್ತು. ಗುರುವಾರದ ಪೂಜೆಯಲ್ಲಿ ಒಂದು ಹಂತದ ನಂತರ ಗಂಟೆಯಿಲ್ಲ, ಕೀಬೋರ್ಡಿಲ್ಲ. ಈಸ್ಟರಿನ ತನಕ ಬರೀ ಬಾಯಿಯ ಹಾಡು. ಹನ್ನೆರಡು ಜನ ಪೀಠದ ಮುಂದೆ ಬೆಂಚಿನ ಮೇಲೆ ಕೂತರು. ಫಾದರ್ ನೆಲ್ಸನ್ ಮೇಲಂಗಿ ತೆಗೆದು, ಸೊಂಟಕ್ಕೆ ಬಿಳಿ ಟವೆಲ್ ಸುತ್ತಿಕೊಂಡು ಮಂಡಿಯೂರಿದ. ಹಿತ್ತಾಳೆ ಬೋಗುಣಿ, ಹೂಜಿ. ಒಂದೊಂದು ಕಾಲಿಗೂ ನೀರು ಬಿಟ್ಟು, ಒರೆಸಿ, ಮುತ್ತಿಟ್ಟು ಮುಂದಕ್ಕೆ ಸರಿಯುತ್ತ ಬಂದ. ಇನ್ನಾಸನ ಮುಂದೆ ಬಂದಾಗ ತಲೆ ಸ್ವಲ್ಪ ಹೆಚ್ಚೇ ಬಗ್ಗಿಸಿದ. ನೋಡಿದ ಮುದುಕಿಯೊಬ್ಬಳು ನನ್ನ ಪಕ್ಕದಲ್ಲೇ ಬಿಕ್ಕಿದಳು.

ಇನ್ನಾಸ ಕಾಲನ್ನು ಬೆಂಚಿನ ಕೆಳಕ್ಕೆ ಎಳೆದುಕೊಂಡ.

"ನನ್ ಕಾಲು ನಾನೇ ತೊಳ್ಕಂಡು ಬಂದಿವ್ನಿ ಸ್ವಾಮಿ. ನೀವು ನಿಮ್ ಕೈ ತೊಳ್ಕಳಿ."

ಫಾದರ್ ಹೂಜಿ ಕೆಳಗಿಟ್ಟ.

"ನನ್ ಮಗಳ ಮೇಲೆ ಹಾಕಿದ್ ಕೈಯ. ತೊಳ್ಕಳಿ, ಎಲ್ರೂ ನೋಡ್ಲಿ."

ಇನ್ನಾಸನದು ಮೊದಲೇ ಸಣ್ಣ ದನಿ. ಮುಂದಿನ ಎರಡು ಸಾಲಿಗೆ ಕೇಳಿತ್ತೋ ಏನೋ. ಮೇಷ್ಟ್ರು ಎದ್ದು ಹಾಡಿನ ಗುಂಪಿನ ಕಡೆ ಕೈ ಎತ್ತಿದರು, ಜೋರಾಗಿ ಅನ್ನುವ ಹಾಗೆ. ಹುಡುಗಿಯರು ಏನಾಗಿದೆ ಅಂತ ತಿಳಿಯದೆ ಎತ್ತರದ ದನಿಯಲ್ಲಿ ಹಾಡಿದರು. ಸೆಲಿನಾಳ ಜೊತೆ ಹಾಡುತ್ತಿದ್ದ ಅದೇ ಹುಡುಗಿಯರು! ನನ್ನ ತಮ್ಮನ ತುಟಿ ಆಡುತ್ತಿತ್ತು, ಮಾತು ಹಾಡಿನಲ್ಲಿ ಮುಳುಗಿಹೋಯಿತು.

ನಾನು ಬೆಂಚು ಹತ್ತಿ ನಿಂತೆ. ಹುಣಸೆ ಮೂಟೆ, ಕೋಳಿ, ಅಳುವ ಮಕ್ಕಳು, ಇಂಜಿನ್ನು, ಎಲ್ಲದರ ಮೇಲೆ ಕೂಗಿ ಅಭ್ಯಾಸವಿರುವ ಗಂಟಲು ನನ್ನದು. ಇನ್ನಾಸ ಏನಂದನೋ ಅದನ್ನೇ ಕೊನೆಯ ಸಾಲಿನವರಿಗೂ ಕೇಳುವ ಹಾಗೆ ಕೂಗಿದೆ. ಫಾದರಿನ ಹೆಸರು, ಸೆಲಿನಾಳ ಹೆಸರಿಲ್ಲದೆ ನಡೆದದ್ದು, ಹಿರಿಯ ಸ್ವಾಮಿಗಳು ಟೀ ಕುಡಿದದ್ದು, ಈಸ್ಟರ್ ಕಳೆದ ಮೇಲೆ ಇವನನ್ನು ಹೆಣ್ಣುಮಕ್ಕಳ ಹಾಸ್ಟೆಲಿಗೆ ಕಳಿಸುವುದು. ಹಾಡು ನಿಂತಿತು. ಬಾಗಿಲ ಹತ್ತಿರ ನಿಂತಿದ್ದ ಸೆಲಿನಾ, "ಅತ್ತೆ, ನನ್ ಹೆಸರೂ ಹೇಳಿ. ನಾನು ಕದ್ದಿಲ್ಲ" ಅಂದಳು. ಹೇಳಿದೆ. ಆಮೇಲೆ ಇನ್ನಾಸ ಎದ್ದು, ಬರಿಗಾಲಲ್ಲಿ ನಡುದಾರಿಯಲ್ಲಿ ನಡೆದುಬಂದು ಮಗಳ ಪಕ್ಕ ನಿಂತ.

ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಮುಗಿಯಲಿಲ್ಲ. ಮರುದಿನ ಸಿದ್ದರಾಜುವಿನ ಹೆಂಡತಿ ಜೊತೆಗೆ ಬಂದು ಠಾಣೆಯಲ್ಲಿ ದೂರು ಬರೆಸಿದಳು. ಅಷ್ಟರಲ್ಲಿ ಬಂಗಲೆಗೆ ಬೀಗ ಬಿದ್ದಿತ್ತು. ಈಸ್ಟರ್ ಪೂಜೆಗೆ ಬೇರೆ ಯಾರೋ ಬಂದು, ಫಾದರ್ ನೆಲ್ಸನ್ ಆರೋಗ್ಯದ ಕಾರಣ ವಿಶ್ರಾಂತಿಗೆ ಹೋಗಿದ್ದಾರೆ, ಅವರಿಗಾಗಿ ಪ್ರಾರ್ಥಿಸೋಣ ಅಂದರು. ಜನ ಪ್ರಾರ್ಥಿಸಿದರು. ನಲ್ಲಿ ಹತ್ತಿರ ಹೆಂಗಸರು, "ಏನೇ ಆಗ್ಲಿ, ಗುರುವಾರದ ದಿನ ಹಂಗ್ ಮಾಡ್ಬಾರ್ದಾಗಿತ್ತು" ಅಂದರು. ನಮ್ಮ ಬಗ್ಗೆ ಅಂದದ್ದು. ಮಾಡಬಾರದ್ದನ್ನು ಮಾಡಿದವನ ಬಗ್ಗೆ ಆ ಮಾತನ್ನು ಒಬ್ಬಳ ಬಾಯಲ್ಲೂ ನಾನು ಕೇಳಲಿಲ್ಲ. ತೆರೇಸಮ್ಮ ನೀರಿಗೆ ಹೋಗುವುದನ್ನೇ ಬಿಟ್ಟಳು, ಇನ್ನಾಸನೇ ಕೊಡ ಹೊತ್ತ.

ಒಳಗಿನ ವಿಚಾರಣೆ ಏನಾಯಿತು ಅಂತ ಕೇಳಲು ನಾನು, ಇನ್ನಾಸ, ಸೆಲಿನಾ ಮೂವರೂ ಆ ಹಿರಿಯ ಸ್ವಾಮಿಗಳ ಹತ್ತಿರ ಹೋದೆವು. ಮುಗಿದಿದೆ ಅಂದರು. ಏನು ತೀರ್ಮಾನವಾಯಿತು ಅಂದರೆ ಅದು ಗೋಪ್ಯ ಅಂದರು. ಯಾರಿಂದ ಗೋಪ್ಯ? ಹುಡುಗಿಗೆ ಗೊತ್ತು, ಅವನಿಗೆ ಗೊತ್ತು, ನಿಮಗೆ ಗೊತ್ತು, ದೇವರಿಗಂತೂ ಗೊತ್ತೇ ಇದೆ. ಇನ್ನು ಉಳಿದವರು ಯಾರು, ಮುಂದಿನ ಊರಿನವರು ತಾನೇ? ಕೇಳಿದೆ. ಕಾಫಿ ಬಂತು. ಅವನು ಜಾಮೀನಿನ ಮೇಲೆ ಹೊರಗಿದ್ದಾನೆ; ಕೇಸು ಕೋರ್ಟಿನಲ್ಲಿದೆ, ವಾಯಿದೆಯ ಮೇಲೆ ವಾಯಿದೆ. ಸೆಲಿನಾ ಹಾಸನದಲ್ಲಿ ಕೆಲಸ ಮಾಡುತ್ತಾಳೆ, ಪ್ರತಿ ವಾಯಿದೆಗೂ ರಜೆ ಹಾಕಿ ಬರುತ್ತಾಳೆ. ಕೀಬೋರ್ಡ್ ಮುಟ್ಟಿಲ್ಲ. ಬಸ್ಸಿನಲ್ಲಿ ಕೂತರೂ ಬೆರಳು ಮಡಿಸಿಕೊಂಡೇ ಕೂರುತ್ತಾಳೆ.

ನಮ್ಮೂರಿನವರು ಮಾತ್ರ ಒಂದು ಪಾಠ ಕಲಿತರು. ಮರುವರ್ಷದಿಂದ ಹನ್ನೆರಡು ಜನರ ಹೆಸರನ್ನು ಮುಂಚಿತವಾಗಿ ಓದುವುದಿಲ್ಲ. ಗುಟ್ಟಾಗಿ ಮನೆಗೆ ಹೋಗಿ ಹೇಳುತ್ತಾರೆ.

ಇಷ್ಟೆಲ್ಲ ಆದ ಮೇಲೆ ಅವನನ್ನು ಆ ಹಾಸ್ಟೆಲಿನ ಕಡೆಗಂತೂ ಕಳಿಸಲಾರರು ಅಂತ ನಾನು ನಂಬಿಕೊಂಡಿದ್ದೆ. ನಮ್ಮ ಮನೆ ಮುರಿದರೂ ಅಷ್ಟಾದರೂ ಉಳಿಯಿತು ಅಂತ ಸೆಲಿನಾಳಿಗೂ ಹೇಳುತ್ತಿದ್ದೆ. ಅವಳು ಅದೊಂದನ್ನೇ ಹಿಡಿದುಕೊಂಡು ಕೋರ್ಟಿನ ಮೆಟ್ಟಿಲು ಹತ್ತುತ್ತಾಳೆ.

ಮೊನ್ನೆ ಬಿಕ್ಕೋಡಿನಲ್ಲಿ ಬಸ್ಸು ತಿರುಗಿಸಿಕೊಂಡೆವು. ಹುಡುಗಿ ಇನ್ನೂ ಬ್ಯಾಗು ತಬ್ಬಿಕೊಂಡೇ ಇದ್ದಳು. ನಾನು ಹೋಗಿ ಅವಳ ಪಕ್ಕ ಕೂತೆ.

"ಹಾಸ್ಟೆಲಲ್ಲಿ ಈ ಹೊತ್ತಲ್ಲಿ ಏನಿರ್ತದೆ ಮಗ?"

"ಈಸ್ಟರಿಗೆ ಹಾಡಿನ ಪ್ರಾಕ್ಟೀಸ್ ಆಂಟಿ."

"ಯಾರು ಕಲಿಸ್ತಾರೆ? ಸಿಸ್ಟರಾ?"

ಅವಳು ಕಿಟಕಿಯ ಕಡೆ ತಿರುಗಿದಳು. "ಈ ವರ್ಷ ಹೊಸ ಫಾದರ್ ಬಂದವ್ರೆ."

ಕೇಳಬಾರದು ಅಂದುಕೊಂಡೆ. ಕೇಳಿದೆ. "ಚೆನ್ನಾಗಿ ಹಾಡ್ತಾರಾ? ಕೀಬೋರ್ಡ್ ನುಡಿಸ್ತಾರಾ?"

ಹುಡುಗಿ ನನ್ನ ಕಡೆಗೆ ತಿರುಗಿ ನೋಡಿದಳು. "ನಿಮಗೆ ಗೊತ್ತಾ ಆಂಟಿ, ಫಾದರ್ ನೆಲ್ಸನ್?"

ಸಿದ್ದರಾಜು ಕನ್ನಡಿಯಲ್ಲಿ ನಮ್ಮನ್ನೇ ನೋಡುತ್ತಿದ್ದ. ಹೆಸರು ಅವನಿಗೂ ಕೇಳಿಸಿತ್ತು. ಹಾಸ್ಟೆಲ್ ಗೇಟು ಬಂತು. ನಾನು ಸೀಟಿ ಊದಲಿಲ್ಲ, ಅವನೂ ಬ್ರೇಕ್ ತುಳಿಯಲಿಲ್ಲ. ಬಸ್ಸಿನಲ್ಲಿ ಎಸ್ಟೇಟಿನ ಕೆಲಸ ಮುಗಿಸಿ ಹೊರಟ ಗಂಡಸರು, ಹೆಂಗಸರು ತುಂಬಿದ್ದರು. ಅವರ ಮಕ್ಕಳೇ ಆ ಗೇಟಿನ ಒಳಗಿದ್ದವರು. ನಾನು ಹುಡುಗಿಯ ಕೈ ಹಿಡಿದುಕೊಂಡೇ ಎದ್ದು ನಿಂತೆ.

"ಗೊತ್ತು ಮಗ" ಅಂದೆ, ಹಿಂದಿನ ಸೀಟಿನವರಿಗೂ ಕೇಳುವ ಹಾಗೆ. "ಎಲ್ರೂ ಸ್ವಲ್ಪ ಈ ಕಡೆ ಕೇಳ್ರೀ."